ಶ್ರೀಗಂಧದ ಎಣ್ಣೆ: ಗುಣವೂ ಮಿತಿಯೂ

(ದೊಡವಾಡ, ಜುಮಾ ಪ್ರವಚನದ ಸಾರ)

ಸಹೋದರರೇ, ಶುಕ್ರವಾರ ಗುಸ್ಲ್ ಮಾಡಿ, ಸುಗಂಧ ಹಚ್ಚಿಕೊಂಡು ಮಸೀದಿಗೆ ಬರುವುದು ಪ್ರವಾದಿ(ಸ)ಯವರ ಸುನ್ನತ್. ಹಳೆಯ ಪದ್ಧತಿಯ ಅತ್ತರಿಗೆ ತಳಹದಿ ಶ್ರೀಗಂಧದ ಎಣ್ಣೆ. ಅರಬಿಯಲ್ಲಿ ಅದರ ಮರಕ್ಕೆ ‘ಸಂದಲ್’ ಎನ್ನುತ್ತಾರೆ. ಈಗ ಅದೇ ಎಣ್ಣೆಯ ಹೆಸರಿನ ಸೀಸೆಗಳನ್ನು ಮಂಡಿನೋವಿಗೆ, ಊತಕ್ಕೆ ಮದ್ದೆಂದು ಸಂತೆಯಲ್ಲಿ ಮಾರುವವರಿದ್ದಾರೆ. ಆದ್ದರಿಂದ ಅದರ ಇತಿಹಾಸವನ್ನು ನಾವು ತಿಳಿದಿರಬೇಕು.

ಒಂಬತ್ತನೇ ಶತಮಾನದಲ್ಲಿ ಬಗ್ದಾದಿನ ಅಲ್ ಕಿಂದಿ ಸುಗಂಧಗಳನ್ನು ಭಟ್ಟಿ ಇಳಿಸುವ ಬಗ್ಗೆ ಗ್ರಂಥ ಬರೆದರು. 1037ರಲ್ಲಿ ನಿಧನರಾದ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ಗಂಧವನ್ನು ತಂಪು ಗುಣದ ಔಷಧಿಗಳ ಸಾಲಿನಲ್ಲಿ ಸೇರಿಸಿದರು. ನಮ್ಮ ನಾಡಿನಲ್ಲಿ 1792ರಲ್ಲಿ ಟಿಪ್ಪು ಸುಲ್ತಾನರು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದರು. ಮುಂದೆ ಮೈಸೂರಿನ ಗಂಧದ ಕೊರಡು ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಮಹಾಯುದ್ಧದಿಂದ ಆ ವ್ಯಾಪಾರ ನಿಂತಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಡಳಿತ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆಯಿತು.

ಆ ಕಾಲದ ವೈದ್ಯರು ಮೂತ್ರನಾಳದ ಸೋಂಕಿಗೆ ಈ ಎಣ್ಣೆಯನ್ನು ಕುಡಿಸುತ್ತಿದ್ದರು. ಪೆನಿಸಿಲಿನ್ ಬಂದ ಮೇಲೆ ಆ ರೂಢಿ ಹಿಂದೆ ಸರಿಯಿತು. ಹೆಚ್ಚು ಪರಿಣಾಮದ ಮದ್ದು ಸಿಕ್ಕಾಗ ಹಳೆಯದನ್ನು ಬಿಡುವುದು ವಿವೇಕ.

ಎಣ್ಣೆಯ ಮುಖ್ಯ ಸತ್ವ ಸ್ಯಾಂಟಲಾಲ್. ಪ್ರಯೋಗಾಲಯದಲ್ಲಿ ಚರ್ಮದ ಕೋಶಗಳ ಮೇಲೆ ಪರೀಕ್ಷಿಸಿದಾಗ, ಉರಿಯೂತ ಹೆಚ್ಚಿಸುವ ಕೆಲವು ರಾಸಾಯನಿಕಗಳನ್ನು ಅದು ತಗ್ಗಿಸಿದೆ. ಇದು ಒಳ್ಳೆಯ ಸುದ್ದಿಯೇ. ಆದರೆ ಗಾಜಿನ ತಟ್ಟೆಯ ಕೋಶ ಬೇರೆ, ದುಡಿದು ಸವೆದ ಮಂಡಿ ಬೇರೆ. ಅಷ್ಟನ್ನೇ ನಂಬಿ ವೈದ್ಯರು ಕೊಟ್ಟ ಗುಳಿಗೆ ಬಿಡಬಾರದು.

ಹಚ್ಚುವುದಾದರೆ ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಸಾಕು. ಮೊದಲು ಮುಂಗೈಯ ಒಳಬದಿಗೆ ಹಚ್ಚಿ ಒಂದು ದಿನ ನೋಡಿರಿ. ಕೆಲವರಿಗೆ ತುರಿಕೆ, ಗಂಧೆ ಏಳುತ್ತದೆ. ಕಣ್ಣಿಗೆ ತಾಗಿಸಬೇಡಿ, ಕುಡಿಯಬೇಡಿ. ಮಕ್ಕಳಿಗೆ, ಗರ್ಭಿಣಿಯರಿಗೆ ವೈದ್ಯರನ್ನು ಕೇಳದೆ ಹಚ್ಚಬೇಡಿ. ಅಸಲಿ ಎಣ್ಣೆ ಬಲು ದುಬಾರಿ. ಅಗ್ಗದ ಸೀಸೆಯಲ್ಲಿ ಕೃತಕ ಸುಗಂಧವೇ ಇರುವ ಸಂಭವ ಹೆಚ್ಚು.

ಅಲ್ಲಾಹನು ರೋಗದೊಂದಿಗೆ ಅದರ ಶಮನವನ್ನೂ ಇಳಿಸಿದ್ದಾನೆಂದು ಪ್ರವಾದಿ(ಸ) ಕಲಿಸಿದರು. ವೈದ್ಯ ಅರಿಯದೆ ಚಿಕಿತ್ಸೆಗೆ ಕೈಹಾಕಿದವನು ಆದ ಹಾನಿಗೆ ಹೊಣೆಗಾರನೆಂದೂ ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ಮಾರುವವರಿಗಷ್ಟೇ ಅಲ್ಲ, ನೆರೆಮನೆಯವರಿಗೆ ಮದ್ದು ಹೇಳುವ ನಮಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ನಮ್ಮ ನಾಲಿಗೆಗೆ ಎಚ್ಚರ ಕೊಡಲಿ. ಆಮೀನ್.