ಕೊಟ್ಟ ದುಡ್ಡಿನ ಷರತ್ತು: ಒಂದೇ ರಾಜ್ಯಕ್ಕೆ ಮೀಸಲಿಟ್ಟ ನಿಧಿಯ ಕಥೆ

ಭಾಗ 1 | ಇಪ್ಪತ್ತರ ಹುಡುಗ

1932ರ ಜುಲೈ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಂ ಊರು. ರೆನಾಲ್ಡಾ ಅನ್ನೋ ದೊಡ್ಡ ಬಂಗಲೆಯಲ್ಲಿ ಗುಂಡೇಟು ತಿಂದ ಒಬ್ಬ ಹುಡುಗ ಆಸ್ಪತ್ರೆಯಲ್ಲಿ ಸತ್ತುಹೋದ. ಹೆಸರು ಜಾಕರಿ ಸ್ಮಿತ್ ರೆನಾಲ್ಡ್ಸ್, ವಯಸ್ಸು 20. ನನ್ನದೇ ವಯಸ್ಸು, ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು. ಹೆಂಡತಿ, ಗಾಯಕಿ ಲಿಬ್ಬಿ ಹೋಲ್ಮನ್ ಮೇಲೆ ಕೊಲೆ ಕೇಸ್ ಹಾಕಿದ್ರು, ಆಮೇಲೆ ಕೈಬಿಟ್ರು. ಕೊಲೆಯೋ ಆತ್ಮಹತ್ಯೆಯೋ, ಇವತ್ತಿಗೂ ಇತ್ಯರ್ಥ ಆಗಿಲ್ಲ.

ಎಲ್ಲರೂ ಮಾತಾಡೋದು ಆ ಸಾವಿನ ಬಗ್ಗೆ. ಬಿಕಾಂ ಓದೋ ನನ್ನ ಕಣ್ಣು ಹೋಗಿದ್ದು ದುಡ್ಡಿನ ಕಡೆಗೆ.

ಅವನ ಅಪ್ಪ ಆರ್.ಜೆ. ರೆನಾಲ್ಡ್ಸ್ ತಂಬಾಕು ಕಂಪನಿ ಕಟ್ಟಿದವರು. 1913ರಲ್ಲಿ ಕ್ಯಾಮಲ್ ಸಿಗರೇಟ್ ಮಾರುಕಟ್ಟೆಗೆ ತಂದಿದ್ದು ಇದೇ ಕಂಪನಿ. ಹುಡುಗ ಬಿಟ್ಟುಹೋದ ಆಸ್ತಿಗೆ ಕೋರ್ಟಿನಲ್ಲಿ ಜಗಳ ನಡೆದು ಹಂಚಿಕೆ ಆಯ್ತು. ಅಣ್ಣ ಡಿಕ್, ಅಕ್ಕಂದಿರಾದ ಮೇರಿ ಮತ್ತು ನ್ಯಾನ್ಸಿ ತಮ್ಮ ಪಾಲಿಗೆ ಬಂದಿದ್ದನ್ನ ಮನೆಗೆ ಒಯ್ಯಲಿಲ್ಲ. 1936ರಲ್ಲಿ ತಮ್ಮನ ಹೆಸರಲ್ಲೇ ಝಡ್. ಸ್ಮಿತ್ ರೆನಾಲ್ಡ್ಸ್ ಫೌಂಡೇಶನ್ ಮಾಡಿದ್ರು. ದುಡ್ಡು ಖರ್ಚಾಗಬೇಕಾದ್ದು ನಾರ್ತ್ ಕ್ಯಾರೊಲಿನಾ ಜನರಿಗಾಗಿ, ಆ ಒಂದೇ ರಾಜ್ಯದಲ್ಲಿ.

ಭಾಗ 2 | ಅಸಲು ಮುಟ್ಟಬಾರದು

ನಮ್ಮ ಸಿಲಬಸ್‌ನಲ್ಲಿ ಬರೋ ಸಿಎಸ್‌ಆರ್ ನೆನಪು ಮಾಡ್ಕೊಳ್ಳಿ. 2013ರ ಕಂಪನಿ ಕಾಯ್ದೆ, ಸೆಕ್ಷನ್ 135, ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2%. ಅದು ಕಂಪನಿ ತನ್ನ ಲಾಭ ನೋಡಿಕೊಂಡು ಮಾಡೋ ಖರ್ಚು. ಖಾಸಗಿ ಫೌಂಡೇಶನ್ ಹಾಗಲ್ಲ. ಮನೆತನದವರು ಒಂದು ಸಲ ದೊಡ್ಡ ಗಂಟು ಇಡ್ತಾರೆ. ಅದನ್ನ ಹೂಡಿಕೆ ಮಾಡಿ, ಬಂದ ಆದಾಯದಲ್ಲಿ ಲಾಭಕ್ಕಾಗಿ ನಡೆಯದ ಸಂಸ್ಥೆಗಳಿಗೆ ಅನುದಾನ ಕೊಡ್ತಾರೆ. ಹಿಂದೆ ಮಠ, ದೇವಸ್ಥಾನಕ್ಕೆ ದತ್ತಿ ಬಿಟ್ಟ ಹೊಲ ಇರ್ತಿತ್ತಲ್ಲ, ಬೆಳೆ ತಿನ್ನಬಹುದು, ಹೊಲ ಮಾರೋ ಹಾಗಿಲ್ಲ. ಹೆಚ್ಚುಕಡಿಮೆ ಅದೇ ಲೆಕ್ಕ.

ಈ ಫೌಂಡೇಶನ್ ಶುರುವಿನಲ್ಲೇ ದುಡ್ಡು ಕೊಟ್ಟಿದ್ದು ಯಾವುದಕ್ಕೆ ಗೊತ್ತಾ? ಸಿಫಿಲಿಸ್‌ನಂಥ ಲೈಂಗಿಕ ರೋಗಗಳ ವಿರುದ್ಧ ರಾಜ್ಯದ ಆರೋಗ್ಯ ಇಲಾಖೆ ನಡೆಸಿದ ಕೆಲಸಕ್ಕೆ. ಮನೆಯಲ್ಲಿ ಬಾಯಿಬಿಟ್ಟು ಹೇಳೋಕೂ ನಾಚಿಕೆಪಡ್ತಿದ್ದ ಕಾಯಿಲೆ. ಓಟು ಕೇಳೋರು ಹಿಂಜರಿಯೋ ಕಡೆ ಇಂಥ ದುಡ್ಡು ಧೈರ್ಯವಾಗಿ ಹೋಗಬಹುದು. ಫೌಂಡೇಶನ್‌ಗಳ ಬಗ್ಗೆ ನನಗೆ ಇಷ್ಟವಾಗೋ ಮೊದಲ ವಿಷಯ ಇದು.

ಭಾಗ 3 | ಕಾಲೇಜನ್ನೇ ಎತ್ತಿಕೊಂಡು ಹೋದ ಅನುದಾನ

ವೇಕ್ ಫಾರೆಸ್ಟ್ ಅನ್ನೋ ಸಣ್ಣ ಊರಲ್ಲಿ ಅದೇ ಹೆಸರಿನ ಬ್ಯಾಪ್ಟಿಸ್ಟ್ ಕಾಲೇಜು ಇತ್ತು, 1834ರಿಂದ. 1946ರಲ್ಲಿ ಫೌಂಡೇಶನ್ ಹೇಳಿತು: ಪ್ರತಿ ವರ್ಷ 3,50,000 ಡಾಲರ್ ಕೊಡ್ತೀವಿ, ಶಾಶ್ವತವಾಗಿ. ಆದ್ರೆ ಕಾಲೇಜು ನಮ್ಮೂರು ವಿನ್‌ಸ್ಟನ್-ಸೇಲಂಗೆ ಬರಬೇಕು.

ನೂರು ಮೈಲಿಗೂ ಹೆಚ್ಚು ದೂರ! ಕಾಲೇಜು ಒಪ್ಪಿತು. ಹೊಸ ಕ್ಯಾಂಪಸ್‌ಗೆ ರೆನಾಲ್ಡಾ ಎಸ್ಟೇಟಿನ ಜಾಗವೇ ಸಿಕ್ಕಿತು. 1951ರ ಅಕ್ಟೋಬರ್ 15ರಂದು ಅಧ್ಯಕ್ಷ ಟ್ರೂಮನ್ ಬಂದು ಗುದ್ದಲಿ ಪೂಜೆ ಥರದ ಕಾರ್ಯಕ್ರಮ ಮಾಡಿದ್ರು. 1956ರಲ್ಲಿ ಕಾಲೇಜು ಸ್ಥಳಾಂತರ ಆಯ್ತು. ಈಗ ಅದು ಹೆಸರಾಂತ ವೇಕ್ ಫಾರೆಸ್ಟ್ ಯೂನಿವರ್ಸಿಟಿ.

ಹಳೇ ಊರಿನವರ ಜಾಗದಲ್ಲಿ ನಿಂತು ಯೋಚನೆ ಮಾಡಿ. ನಿಮ್ಮೂರಿನ ಕಾಲೇಜು ಒಂದಿನ ಹೆಸರನ್ನೂ ಜೊತೆಗೆ ಕಟ್ಟಿಕೊಂಡು ಹೊರಟುಹೋದ್ರೆ? ಯಾರೂ ಕಿತ್ಕೊಂಡಿಲ್ಲ, ಎಲ್ಲಾ ಕಾನೂನು ಪ್ರಕಾರವೇ ಆಗಿದೆ. ಅನುದಾನ ಪತ್ರದಲ್ಲಿದ್ದ ಒಂದು ಷರತ್ತು, ಅಷ್ಟೇ.

ಭಾಗ 4 | ಡೆಬಿಟ್ ಕಡೆ ನೋಡೋಣ

ಪ್ರತಿ ಕ್ರೆಡಿಟ್‌ಗೂ ಒಂದು ಡೆಬಿಟ್ ಇರಬೇಕು ಅಂತ ಮೊದಲ ಸೆಮಿಸ್ಟರ್‌ನಲ್ಲೇ ಕಲಿತಿದ್ದೀವಿ. ಈ ಸಂಪತ್ತು ಹುಟ್ಟಿದ್ದು ತಂಬಾಕಿನ ಕಾರ್ಖಾನೆಯಲ್ಲಿ. ಎಲೆಯಿಂದ ದಂಟು ಬಿಡಿಸೋ ಕೆಲಸ ಹೆಚ್ಚಾಗಿ ಕಪ್ಪು ಹೆಂಗಸರದ್ದು. ನಿಪ್ಪಾಣಿ ಕಡೆಯವರಿಗೆ ಆ ಘಾಟು ಎಂಥದ್ದು ಅಂತ ನಾನು ಹೇಳಬೇಕಾಗಿಲ್ಲ.

1943ರ ಜೂನ್‌ನಲ್ಲಿ ಕಾರ್ಖಾನೆಯೊಳಗೇ ಒಬ್ಬ ಕಾರ್ಮಿಕ ಕುಸಿದು ಸತ್ತ. ಆ ಹೆಂಗಸರು ಕೆಲಸ ನಿಲ್ಲಿಸಿ ಕೂತುಬಿಟ್ರು. ಅಲ್ಲಿಂದ ಹುಟ್ಟಿದ ಯೂನಿಯನ್, ಲೋಕಲ್ 22, 1944ರಲ್ಲಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು. 1950ರಲ್ಲಿ ಮಾನ್ಯತೆ ಕಳ್ಕೊಂಡಿತು.

ವರ್ಷಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಊರು, ಒಂದೇ ದಶಕ. ಕಾಲೇಜಿಗೆ ಶಾಶ್ವತ ಅನುದಾನ ಸಿಕ್ಕ ಸಮಯದಲ್ಲೇ ಆ ಸಂಪತ್ತಿಗೆ ದುಡಿದವರು ಸರಿಯಾದ ಕೂಲಿಗೆ ಹೋರಾಡ್ತಿದ್ರು. ಫೌಂಡೇಶನ್ ಬೇರೆ, ಕಂಪನಿ ಬೇರೆ, ನಿಜ. ಆದ್ರೆ ದುಡ್ಡಿನ ಬೇರು ಒಂದೇ.

ಭಾಗ 5 | ಐದೇ ವರ್ಷದ ಸಂಸ್ಥೆ

1963ರಲ್ಲಿ ರಾಜ್ಯಪಾಲ ಟೆರ್ರಿ ಸ್ಯಾನ್‌ಫರ್ಡ್ (ಅಲ್ಲಿ ರಾಜ್ಯಪಾಲರು ಚುನಾಯಿತರು, ನಮ್ಮ ಮುಖ್ಯಮಂತ್ರಿ ಥರ) ಬಡತನದ ವಿರುದ್ಧ ನಾರ್ತ್ ಕ್ಯಾರೊಲಿನಾ ಫಂಡ್ ಶುರು ಮಾಡಿದ್ರು. ಸರ್ಕಾರಿ ಇಲಾಖೆ ಅಲ್ಲ, ಲಾಭರಹಿತ ಸಂಸ್ಥೆ. ಫೋರ್ಡ್ ಫೌಂಡೇಶನ್ 70 ಲಕ್ಷ ಡಾಲರ್ ಕೊಟ್ಟಿತು. ನಮ್ಮ ಕಥೆಯ ಫೌಂಡೇಶನ್ ಮತ್ತು ಅಕ್ಕ ಮೇರಿ ಹೆಸರಿನ ಇನ್ನೊಂದು ಫೌಂಡೇಶನ್ ಸೇರಿ ಸುಮಾರು 25 ಲಕ್ಷ.

1964, 1965ರ ಬೇಸಿಗೆ ರಜೆಯಲ್ಲಿ ಕಪ್ಪು, ಬಿಳಿ ಕಾಲೇಜು ವಿದ್ಯಾರ್ಥಿಗಳು, 300ಕ್ಕೂ ಹೆಚ್ಚು ಜನ, ಒಟ್ಟಿಗೆ ಬಡವರ ಕೇರಿಗಳಿಗೆ ಹೋದ್ರು. ಎರಡೂ ಬಣ್ಣದವರು ಜೊತೆಗೆ ಕೂತರೆ ಕಲ್ಲು ಬೀಳ್ತಿದ್ದ ಕಾಲ ಅದು. ಡರ್ಹಮ್ ನಗರದಲ್ಲಿ ಬಡವರು ಬಾಡಿಗೆ, ರಸ್ತೆ ಬಗ್ಗೆ ತಾವೇ ಸಂಘಟಿತರಾಗಿ ಕೇಳೋಕೆ ಶುರು ಮಾಡಿದ್ರು. ರಾಜಕಾರಣಿಗಳು ಸಿಟ್ಟಾದ್ರು. ಮೊದಲೇ ನಿಗದಿಯಾಗಿದ್ದಂತೆ 1968ರಲ್ಲಿ ಫಂಡ್ ಮುಚ್ಚಿತು.

ಮರುವರ್ಷವೇ, 1969ರಲ್ಲಿ, ಅಮೆರಿಕದ ತೆರಿಗೆ ಕಾನೂನು ಇಡೀ ದೇಶದ ಖಾಸಗಿ ಫೌಂಡೇಶನ್‌ಗಳಿಗೆ ಮೂಗುದಾರ ಹಾಕಿತು. ಗಂಟು ಇಟ್ಕೊಂಡು ಸುಮ್ನೆ ಕೂರೋ ಹಾಗಿಲ್ಲ, ವರ್ಷಕ್ಕೆ ಇಂತಿಷ್ಟು ಹಂಚಲೇಬೇಕು (ಈಗ ಆಸ್ತಿಯ ಸುಮಾರು 5%). ಸ್ಥಾಪಕರ ಮನೆತನ ಫೌಂಡೇಶನ್ ಜೊತೆ ವ್ಯವಹಾರ ಮಾಡೋ ಹಾಗಿಲ್ಲ. ಹಾಗೇ ಮತದಾರರ ನೋಂದಣಿಗೆ ದುಡ್ಡು ಕೊಡೋಕೂ ಬಿಗಿ ನಿಯಮ ಬಂತು.

ಭಾಗ 6 | ನನ್ನ ಕ್ಯಾಶ್ ಬುಕ್

ಇಷ್ಟೆಲ್ಲಾ ಯಾಕೆ ಓದಿದೆ ಅಂದ್ರೆ, ನಾನು ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳೋ ಒಂದು ಸಣ್ಣ ಸಂಸ್ಥೆಯ ಲೆಕ್ಕ ಬರೀತೀನಿ. ಈ ವರ್ಷ ಅನುದಾನ ಬಂತು, ಖುಷಿಪಟ್ವಿ. ಆಮೇಲೆ ಪತ್ರ ಓದಿದ್ರೆ, ಸಾಮಾನು ಕೊಳ್ಳೋಕೆ ಮಾತ್ರ ಅಂತಿದೆ. ಕಪಾಟಿನಲ್ಲಿ ಹೊಸ ಟ್ಯಾಬ್‌ಗಳು ಸಾಲಾಗಿ ಕೂತಿವೆ. ಪಾಠ ಮಾಡೋ ಅಕ್ಕನಿಗೆ ಮೂರು ತಿಂಗಳಿಂದ ಸಂಬಳ ಇಲ್ಲ. ಬ್ಯಾಂಕಿನಲ್ಲಿ ದುಡ್ಡಿದೆ, ಕೊಡೋ ಹಾಗಿಲ್ಲ. ಅದನ್ನ ಅವರಿಗೆ ಹೇಳಬೇಕಾಗಿದ್ದು ನಾನೇ.

ಕೊಡೋರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಸತ್ತ ತಮ್ಮನ ಪಾಲನ್ನ ಒಂದು ರಾಜ್ಯಕ್ಕೆ ಬಿಟ್ಟುಕೊಟ್ಟ ಅಣ್ಣ, ಅಕ್ಕಂದಿರು ಸಣ್ಣ ಮನುಷ್ಯರಲ್ಲ. ಆದ್ರೆ ಒಂದೇ ದುಡ್ಡು ಒಂದು ಊರಿನ ಕಾಲೇಜನ್ನ ಎತ್ತಿಕೊಂಡು ಹೋಯ್ತು, ಇನ್ನೊಂದು ಊರಿನ ಬಡವರಿಗೆ ಬಾಯಿ ಕೊಟ್ಟಿತು. ವ್ಯತ್ಯಾಸ ಇದ್ದಿದ್ದು ಷರತ್ತಿನಲ್ಲಿ. ಮುಂದೆ ನಮ್ಮಲ್ಲಿ ಕೆಲವರು ಆಡಿಟರ್ ಆಗ್ತೀವಿ, ಕೆಲವರು ಸಿಎಸ್‌ಆರ್ ವಿಭಾಗದಲ್ಲಿ ಕೂರ್ತೀವಿ. ಆಗ ಮೊತ್ತ ನೋಡಿ ಚಪ್ಪಾಳೆ ಹೊಡೆಯೋ ಮುಂಚೆ ಕೆಳಗಿನ ಸಾಲು ಓದೋಣ.

ನಿಮ್ಮೂರಲ್ಲಿ ದತ್ತಿ ದುಡ್ಡಲ್ಲಿ ನಡೆಯೋ ಶಾಲೆ, ಹಾಸ್ಟೆಲ್, ಆಸ್ಪತ್ರೆ ಇದ್ಯಾ? ಆ ದುಡ್ಡು ಯಾರದ್ದು, ಷರತ್ತು ಏನು? ಮನೆಯಲ್ಲಿ ಹಿರಿಯರನ್ನ ಕೇಳಿ, ಕಾಮೆಂಟ್‌ನಲ್ಲಿ ಬರೀರಿ. ನಾನು ಓದ್ತೀನಿ.

#ಲೆಕ್ಕದಹಿಂದಿನಕಥೆ #ಬಿಕಾಂಹುಡುಗಿ #ಇತಿಹಾಸ