ದಮ್ಮಿನ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಹೆಸರುಗಳನ್ನು ಕೇಳಿದೊಡನೆ ನಮಗೆ ಕೋಟೆ, ಕಾಳಗ, ಜಾತ್ರೆಗಳ ನೆನಪಾಗುವುದು ಸಹಜ. 1824ರಲ್ಲಿ ಕಿತ್ತೂರಿನ ಕಾಳಗ ನಡೆಯಿತು. 1829ರಲ್ಲಿ ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ಕಾಲವಾದಳು. ರಾಮದುರ್ಗವು 1948ರವರೆಗೆ ಸ್ವಂತ ಸಂಸ್ಥಾನವಾಗಿತ್ತು. ಸವದತ್ತಿಯಾದರೋ ಎಲ್ಲಮ್ಮನ ಗುಡ್ಡದಿಂದ ಪ್ರಸಿದ್ಧ. ಈ ಚರಿತ್ರೆಯ ಹಿಂದೆ ಗ್ರಂಥಕಾರರು ಹೆಚ್ಚಾಗಿ ಗಮನಿಸದ ಒಂದು ಶಕ್ತಿಯುಂಟು. ಆ ಸೀಮೆಯ ಜನರು ಅದನ್ನು ಒಂದೇ ಮಾತಿನಲ್ಲಿ ದಮ್ಮು ಎನ್ನುತ್ತಾರೆ.

ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣನು ಕುಂಪಣಿಯ ಸೈನ್ಯದೊಡನೆ ಹೂಡಿದ ಹೋರಾಟವು ಕಾಡುಮೇಡುಗಳಲ್ಲಿ ಹಗಲಿರುಳೂ ನಡೆದು ನಡೆಸಿದ ಯುದ್ಧ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹುಣ್ಣಿಮೆಯ ದಿನಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಊರೂರುಗಳಿಂದ ನಡೆದು ಬರುವ ಭಕ್ತರಲ್ಲಿಯೂ ಇದೇ ಶಕ್ತಿಯನ್ನು ಕಾಣಬಹುದು. ಆದರೆ ದಮ್ಮು ಎಂದರೇನು? ಅದು ಹುಟ್ಟಿನಿಂದ ಬಂದ ಗುಣವೇ, ದೇವರ ವರವೇ, ಅಥವಾ ಅಳೆಯಬಹುದಾದ ವಸ್ತುವೇ?

ಇದನ್ನು ಗಡಿಯಾರದಿಂದ ಅಳೆದ ದಿನವೊಂದು ನಮಗೆ ದೊರೆತಿದೆ. 1919ರಲ್ಲಿ ಪುಣೆಯ ಪಂದ್ಯಗಳಲ್ಲಿ ರೈತರ ಮಕ್ಕಳು ಬರಿಗಾಲಿನಲ್ಲಿ ಓಡಿದುದನ್ನು ಕಂಡು ಸರ್ ದೊರಾಬ್ಜಿ ಟಾಟಾ ಅವರು ಬೆರಗಾದರು. ಮರುವರ್ಷ ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರದ ಒಲಿಂಪಿಕ್ ಕ್ರೀಡೆಗಳಿಗೆ ಭಾರತದ ಚಿಕ್ಕ ತಂಡವೊಂದು ಹೋಯಿತು. ಅದರಲ್ಲಿ ಬೆಳಗಾವಿ ಪ್ರಾಂತದ ಫಡೆಪ್ಪ ದರೆಪ್ಪ ಚೌಗುಲೆಯವರು ಇದ್ದರು. ಆ ವರ್ಷದ ಮ್ಯಾರಥಾನ್ ಓಟವು 42,750 ಮೀಟರುಗಳಷ್ಟಿದ್ದು, ಇಂದಿನ ಅಳತೆಗಿಂತ ದೀರ್ಘವಾಗಿತ್ತು. ಫಿನ್‌ಲೆಂಡಿನ ಹಾನ್ನೆಸ್ ಕೋಲೆಹ್ಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡುಗಳಲ್ಲಿ ಓಡಿ ಗೆದ್ದರು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಹತ್ತೊಂಬತ್ತನೆಯವರಾದರು. ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಇಬ್ಬರ ನಡುವಿನ ಅಂತರ ಇಪ್ಪತ್ತಾರು ಸೆಕೆಂಡುಗಳು ಮಾತ್ರ.

ಈ ಇಪ್ಪತ್ತಾರು ಸೆಕೆಂಡುಗಳು ಎಲ್ಲಿಂದ ಬಂದವು? ಉತ್ತರವನ್ನು ಹುಡುಕುವ ಶಾಸ್ತ್ರವು ಆಗತಾನೇ ಕಣ್ಣು ತೆರೆಯುತ್ತಿದ್ದಿತು. 1922ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದ ಶರೀರಶಾಸ್ತ್ರಜ್ಞ ಎ. ವಿ. ಹಿಲ್ ಅವರು ಮರುವರ್ಷ ಹಾರ್ಟ್ಲಿ ಲಪ್ಟನ್ನರೊಡನೆ ಓಟಗಾರರ ಉಸಿರನ್ನು ಚೀಲದಲ್ಲಿ ಹಿಡಿದು ಪರೀಕ್ಷಿಸಿದುದನ್ನು ಪ್ರಕಟಿಸಿದರು. ಹಿಲ್ ಅವರೇ ಬೆನ್ನಿಗೆ ಚೀಲ ಕಟ್ಟಿಕೊಂಡು ಓಡಿದ್ದರು. ಓಟದ ವೇಗ ಹೆಚ್ಚಿದಂತೆ ಪ್ರಾಣವಾಯುವಿನ ಸೇವನೆಯೂ ಏರುತ್ತದೆ. ಒಂದು ಮಿತಿ ಮುಟ್ಟಿದ ಮೇಲೆ ಏರದು. ಅವರಲ್ಲಿ ಆ ಮಿತಿಯು ನಿಮಿಷಕ್ಕೆ ಸುಮಾರು ನಾಲ್ಕು ಲೀಟರು. ಮಿತಿ ಮೀರಿದ ಶ್ರಮಕ್ಕೆ ದೇಹವು ಸಾಲ ಮಾಡುತ್ತದೆ, ಓಟ ಮುಗಿದ ಮೇಲೆ ಏದುಸಿರಿನಿಂದ ಅದನ್ನು ತೀರಿಸುತ್ತದೆ, ಎಂದು ಅವರು ನಿರೂಪಿಸಿದರು. ಈ ಸಾಲದ ವಿವರಣೆಯನ್ನು ಅನಂತರದ ವಿದ್ವಾಂಸರು ಬಹಳಮಟ್ಟಿಗೆ ತಿದ್ದಿದ್ದಾರೆ. ಪ್ರಾಣವಾಯುವಿನ ಮಿತಿಯ ಮಾತು ಉಳಿದುಕೊಂಡಿದೆ.

1991ರಲ್ಲಿ ಅಮೆರಿಕದ ಮೈಕೆಲ್ ಜಾಯ್ನರ್ ಅವರು ದಮ್ಮಿನ ಮೂರು ಅಂಗಗಳನ್ನು ಸೇರಿಸಿ ಗಣಿತ ಮಾಡಿದರು. ದೇಹ ಸೇವಿಸಬಲ್ಲ ಗರಿಷ್ಠ ಪ್ರಾಣವಾಯು, ದಣಿಯದೆ ದೀರ್ಘಕಾಲ ಉಪಯೋಗಿಸಬಲ್ಲ ಅದರ ಪಾಲು, ಅಷ್ಟರಲ್ಲಿ ಎಷ್ಟು ದೂರ ಓಡಬಹುದೆಂಬ ಮಿತವ್ಯಯ: ಇವೇ ಆ ಮೂರು. ಶ್ರೇಷ್ಠ ಪ್ರಮಾಣಗಳು ಒಬ್ಬನಲ್ಲಿಯೇ ಕೂಡಿದರೆ ಮ್ಯಾರಥಾನನ್ನು 1 ಗಂಟೆ 57 ನಿಮಿಷ 58 ಸೆಕೆಂಡುಗಳಲ್ಲಿ ಓಡಬಹುದೆಂದು ಅವರ ಗಣನೆ. 2023ರಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ ಷಿಕಾಗೋದಲ್ಲಿ 2 ಗಂಟೆ 35 ಸೆಕೆಂಡುಗಳಲ್ಲಿ ಓಡಿ ಆ ಅಂಕಿಯ ಸಮೀಪಕ್ಕೆ ಬಂದರು.

ಆದರೆ ನಮ್ಮ ಪ್ರಶ್ನೆಗೆ ಬಹು ಸಮೀಪದ ಉತ್ತರವು ಬಂದುದು ಸ್ವೀಡನ್ನಿನಿಂದ. 1967ರಲ್ಲಿ ಬರ್ಗ್‌ಸ್ಟ್ರಮ್, ಹುಲ್ಟ್‌ಮನ್, ಸಾಲ್ಟಿನ್ ಮೊದಲಾದವರು, ಸ್ನಾಯುವಿನ ತುಣುಕನ್ನು ಸೂಜಿಯಿಂದ ತೆಗೆದು, ಅದರಲ್ಲಿ ಸಂಗ್ರಹವಾಗಿರುವ ಗ್ಲೈಕೊಜನ್ ಎಂಬ ಪಿಷ್ಟವನ್ನು ಅಳೆದರು. ಅದೇ ಜನರು ಮಿಶ್ರಾಹಾರ ತಿಂದು ಸೈಕಲ್ ಯಂತ್ರ ತುಳಿದಾಗ ಸುಮಾರು 114 ನಿಮಿಷ ತಾಳಿದರು. ಮಾಂಸ ಮತ್ತು ಕೊಬ್ಬು ತಿಂದಾಗ 57 ನಿಮಿಷಕ್ಕೇ ಸೋತರು. ಧಾನ್ಯ ಮೊದಲಾದ ಪಿಷ್ಟಾಹಾರ ತಿಂದಾಗ 167 ನಿಮಿಷ ತುಳಿದರು. ಅದೇ ದೇಹ, ಅದೇ ಮನಸ್ಸು, ಬದಲಾದುದು ತಟ್ಟೆಯೊಂದೇ!

ಮಲಪ್ರಭೆಯ ಕಪ್ಪು ಭೂಮಿಯ ಒಕ್ಕಲಿಗನಿಗೆ ಈ ಮಾತು ಹೊಸದಲ್ಲ. ರೊಟ್ಟಿ ಉಂಡರೆ ರಟ್ಟೆ ಗಟ್ಟಿ ಎಂದು ಅವನು ಬಲ್ಲನು. ಜೋಳದ ರೊಟ್ಟಿಯು ಪಿಷ್ಟಾಹಾರವೇ. ನಾವು ಪಟ್ಟಣಿಗರಾದರೋ, ಹಳ್ಳಿಯವರಿಗೆ ತಾಳ್ಮೆ ಹುಟ್ಟುಗುಣ, ಎಷ್ಟು ದುಡಿದರೂ ದಣಿಯರು, ಎಂದು ಹೊಗಳುತ್ತೇವೆ. ಆ ಹೊಗಳಿಕೆಯ ಮರೆಯಲ್ಲಿ ಅವರ ಊಟವು ಸಾಲದೆಂಬುದು ಅಡಗಿಬಿಡುತ್ತದೆ. ದಮ್ಮು ಹುಟ್ಟುಗುಣವೇ ಆಗಿದ್ದರೆ ಅದಕ್ಕೆ ಉಣಿಸುವ ಹೊಣೆ ಯಾರಿಗೂ ಇರುತ್ತಿರಲಿಲ್ಲ. ಶಾಸ್ತ್ರವು ಬೇರೆ ಮಾತನ್ನೇ ಹೇಳುತ್ತದೆ. ಹುಟ್ಟಿನ ಪಾಲು ಇರಬಹುದು. ಆದರೆ ಅಭ್ಯಾಸವಿಲ್ಲದೆ ಆ ಪಾಲು ಬೆಳೆಯದು, ಅನ್ನವಿಲ್ಲದೆ ಅದು ನಿಲ್ಲದು.

ಚೌಗುಲೆಯವರನ್ನು ಹತ್ತೊಂಬತ್ತನೆಯವರೆಂದು ನೆನೆಯುವುದು ಅರ್ಧ ಸತ್ಯ. ಶಾಸ್ತ್ರದ ನೆರವು ಇನ್ನೂ ದೊರೆಯದಿದ್ದ ಕಾಲದಲ್ಲಿ ಲೋಕದ ಶ್ರೇಷ್ಠರೊಡನೆ ಕಿಲೋಮೀಟರಿಗೆ ಇಪ್ಪತ್ತಾರು ಸೆಕೆಂಡುಗಳಷ್ಟೇ ಹಿಂದೆ ಉಳಿದವರು ಎಂದರೆ ಉಳಿದರ್ಧವೂ ಕೂಡುತ್ತದೆ. ಆ ಸೀಮೆಯ ಮಕ್ಕಳಲ್ಲಿ ದಮ್ಮು ಉಂಟೋ ಇಲ್ಲವೋ ಎಂದು ಇನ್ನು ನಾವು ಕೇಳಬೇಕಾದುದಿಲ್ಲ. ಅದಕ್ಕೆ ಬೇಕಾದ ರೊಟ್ಟಿಯೂ ಓಡಲು ಬಯಲೂ ಅವರಿಗೆ ದೊರೆತಿವೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.