ಪುರಾತನ ಬಂದೂಕುಗಳ ಕಳವು: ಸಂಗ್ರಾಹಕರಿಗೆ ಮಾಹಿತಿ

ಕಳವಾದ ಪುರಾತನ ಬಂದೂಕು ಪತ್ತೆಯಾದರೂ, ಅದು ತಮ್ಮದೆಂದು ಮಾಲೀಕರು ದಾಖಲೆಗಳಿಂದ ತೋರಿಸಬೇಕಾಗುತ್ತದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಅನೇಕ ಹಳೆಯ ಕೋವಿಗಳಲ್ಲಿ ಕ್ರಮಸಂಖ್ಯೆ ಇರುವುದಿಲ್ಲ. ಆದುದರಿಂದ ಮುಂಚಿತವಾಗಿ ಸಿದ್ಧಪಡಿಸಿದ ವಿವರಪಟ್ಟಿಯೇ ಮುಖ್ಯ ಆಧಾರವಾಗಿರುತ್ತದೆ.

ವಿವರಪಟ್ಟಿಯಲ್ಲಿ ಇರಬೇಕಾದ ಅಂಶಗಳು:
1. ತಯಾರಕರ ಹೆಸರು, ಮುದ್ರೆ ಹಾಗೂ ಕೆತ್ತನೆ
2. ನಳಿಗೆಯ ಉದ್ದ ಮತ್ತು ಒಳವ್ಯಾಸ
3. ಮರದ ಹಿಡಿಯ ಬಿರುಕು, ದುರಸ್ತಿಯ ಗುರುತು
4. ಎರಡೂ ಪಾರ್ಶ್ವಗಳ ಛಾಯಾಚಿತ್ರ

ಪರವಾನಗಿ: ಶಸ್ತ್ರಾಸ್ತ್ರ ಅಧಿನಿಯಮ, 1959ರ 45ನೇ ಪ್ರಕರಣದ ವಿನಾಯಿತಿಯು, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲಾಗದ ಆಯುಧಗಳಿಗೆ ಸಂಬಂಧಿಸಿದ್ದು. ಹಳೆಯದೆಂಬ ಒಂದೇ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲ.

ಕಳವಾದಲ್ಲಿ: ತಡಮಾಡದೆ ಪೊಲೀಸ್ ಠಾಣೆಗೆ ವಿವರಪಟ್ಟಿಯೊಂದಿಗೆ ದೂರು ನೀಡತಕ್ಕದ್ದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡಲಾಗುತ್ತದೆ. ಪರವಾನಗಿ ಇದ್ದಲ್ಲಿ ಪರವಾನಗಿ ಪ್ರಾಧಿಕಾರಕ್ಕೂ ಲಿಖಿತವಾಗಿ ತಿಳಿಸತಕ್ಕದ್ದು.

ಪತ್ತೆಯಾದ ನಂತರ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 497 ಅಥವಾ 503ನೇ ಪ್ರಕರಣದಡಿ, ಬಂದೂಕನ್ನು ವಶಕ್ಕೆ ನೀಡುವಂತೆ ಕೋರಿ ಸಂಬಂಧಪಟ್ಟ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಪರವಾನಗಿ, ರಸೀದಿ ಮತ್ತು ವಿವರಪಟ್ಟಿಯನ್ನು ಲಗತ್ತಿಸುವುದು ಸೂಕ್ತ.

ಖರೀದಿದಾರರಿಗೆ: ಮಾರಾಟಗಾರರ ದಾಖಲೆಗಳನ್ನು ಪರಿಶೀಲಿಸದೆ ಯಾವುದೇ ಬಂದೂಕನ್ನು ಕೊಳ್ಳಬಾರದು. ಕಳವಿನ ಮಾಲೆಂದು ತಿಳಿದೂ ಅಪ್ರಾಮಾಣಿಕವಾಗಿ ಪಡೆಯುವುದು ಶಿಕ್ಷಾರ್ಹ ಅಪರಾಧ.